ಮುನೀಮ ಕಾಕಾನ ಬಹಿ ಮತ್ತು ನನ್ನ ರಿಪೋರ್ಟ್: ಜಾಸ್ಪರ್‌ರಿಪೋರ್ಟ್ಸ್ ಕಲಿಯೋರಿಗೆ ಒಂದು ಪಾಠ



"ಈ ಸಲ ಒಂದು ಟೆಕ್ನಿಕಲ್ ಲೇಖನ ಬೇಕು, ಅದೂ ಕನ್ನಡದಾಗ" ಅಂತ ನಮ್ಮ ಕನ್ನಡ ಬಳಗದವರು ಹೇಳಿದಾಗ ನಾನು ಮೊದಲು ಹಿಂದೆ ಸರಿದೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಬೀದರ್ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಆದ್ದರಿಂದ ಒತ್ತಕ್ಷರ, ವಿಭಕ್ತಿ ಎಲ್ಲಿಯಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ವಿಷಯ: ವ್ಯಾಪಾರದ ಲೆಕ್ಕದಿಂದ ರಿಪೋರ್ಟ್ ಮಾಡೋದು ಹೇಗೆ. ಕೋಡ್ ಸಾಲುಗಳನ್ನು ಇಲ್ಲಿ ಹಾಕಿಲ್ಲ, ಅವು ಎಲ್ಲ ಟ್ಯುಟೋರಿಯಲ್‌ಗಳಲ್ಲೂ ಸಿಗುತ್ತವೆ. ಟ್ಯುಟೋರಿಯಲ್‌ನಲ್ಲಿ ಸಿಗದೇ ಇದ್ದದ್ದು, ನಾನು ತಪ್ಪು ಮಾಡಿ ಕಲಿತದ್ದು, ಅದನ್ನು ಮಾತಿನಲ್ಲೇ ಹೇಳ್ತೀನಿ. ಡಿಬಿಎಂಎಸ್ ಪೇಪರ್‌ಗೂ ಉಪಯೋಗ ಆಗ್ತದೆ.

ರಿಪೋರ್ಟ್ ಅಂದ್ರೆ ಏನು? ಪಹಣಿ ನೋಡಿ

ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಮುಟ್ಟದ ಅಜ್ಜನಿಗೂ ಒಂದು ರಿಪೋರ್ಟ್ ಗೊತ್ತು. ಅದು ಪಹಣಿ. ಮೊದಲು ಗ್ರಾಮ ಲೆಕ್ಕಿಗರು ಕೈಯಿಂದ ಬರೆದು ಕೊಡುತ್ತಿದ್ದ ಈ ಕಾಗದವನ್ನು 2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ "ಭೂಮಿ" ಯೋಜನೆಯಲ್ಲಿ ಕಂಪ್ಯೂಟರ್‌ಗೆ ಹಾಕಿತು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು. ಶುರುವಿನಲ್ಲಿ ಒಂದು ಪ್ರತಿಗೆ 15 ರೂಪಾಯಿ. ತಾಲೂಕು ಕಚೇರಿ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಕಾಗದ ಹೊರಗೆ ಬರುತ್ತಿತ್ತು.

ಈಗ ಇದನ್ನೇ ನಮ್ಮ ಭಾಷೆಯಲ್ಲಿ ಹೇಳೋಣ. ಕಿಟಕಿಯಲ್ಲಿ ಹೇಳಿದ ಸರ್ವೆ ನಂಬರ್ ಅಂದ್ರೆ ಪ್ಯಾರಾಮೀಟರ್. ಒಳಗಿರುವ ದಾಖಲೆಗಳು ಡೇಟಾ ಸೋರ್ಸ್. ಆ ನಂಬರಿನ ದಾಖಲೆ ಹುಡುಕೋದು ಕ್ವೆರಿ. ಯಾವ ಕಾಲಂ ಎಲ್ಲಿ ಬರಬೇಕು ಅನ್ನುವ ಅಚ್ಚು ಟೆಂಪ್ಲೇಟ್. ಕೊನೆಗೆ ಕೈಗೆ ಬಂದ ಕಾಗದ ಔಟ್‌ಪುಟ್. ಎಷ್ಟೇ ದೊಡ್ಡ ರಿಪೋರ್ಟಿಂಗ್ ಸಾಫ್ಟ್‌ವೇರ್ ಇರಲಿ, ಈ ಐದೇ ಭಾಗ.

ಪಹಣಿಯಿಂದ ಇನ್ನೊಂದು ಮಾತು ಕಲೀಬೇಕು. ಅಲ್ಲಿ ಜಮೀನಿನ ಅಳತೆ ಎಕರೆ-ಗುಂಟೆಯಲ್ಲಿ ಇರ್ತದೆ. 2 ಎಕರೆ 20 ಗುಂಟೆಯನ್ನು ಜನ 2.20 ಅಂತ ಬರೀತಾರೆ, 1 ಎಕರೆ 30 ಗುಂಟೆಯನ್ನು 1.30. ನೀವು ಆ ಕಾಲಂಗೆ ಕಣ್ಣು ಮುಚ್ಚಿ ಸಮ್ ಹಾಕಿದರೆ 3.50 ಬರ್ತದೆ. ಆದರೆ ಎಕರೆಗೆ 40 ಗುಂಟೆ. 20 ಕೂಡಿಸು 30 ಅಂದ್ರೆ 50 ಗುಂಟೆ, ಅಂದ್ರೆ 1 ಎಕರೆ 10 ಗುಂಟೆ. ಸರಿ ಉತ್ತರ 4 ಎಕರೆ 10 ಗುಂಟೆ. ಕಂಪ್ಯೂಟರ್ ಎಲ್ಲೂ ಎರರ್ ತೋರಿಸಲಿಲ್ಲ, ಮುಕ್ಕಾಲು ಎಕರೆ ಮಾತ್ರ ಹೋಯಿತು! ಇದನ್ನು ನೆನಪಿಡಿ. ರಿಪೋರ್ಟ್‌ನ ತಪ್ಪು ಕೆಂಪು ಅಕ್ಷರದಲ್ಲಿ ಬರೋದಿಲ್ಲ. ಸರಿ ಉತ್ತರದ ಹಾಗೇ ನೀಟಾಗಿ ಪ್ರಿಂಟ್ ಆಗಿ ಬರ್ತದೆ.

ಸಲಕರಣೆಗಳು

ರಿಪೋರ್ಟ್ ಮಾಡೋಕೆ ಅಂತಲೇ ಬೇರೆ ಸಾಫ್ಟ್‌ವೇರ್ ಬೇಕು ಅನ್ನುವ ಯೋಚನೆ ಹಳೇದು. ಐಬಿಎಂ 1959ರಲ್ಲೇ ಆರ್‌ಪಿಜಿ ಅನ್ನುವ ಭಾಷೆ ತಂದಿತ್ತು. ಅದರ ಹೆಸರಿನ ಅರ್ಥವೇ ರಿಪೋರ್ಟ್ ಪ್ರೋಗ್ರಾಂ ಜನರೇಟರ್. ಆಗ ಪಂಚ್ ಕಾರ್ಡ್ ಕಾಲ. 1990ರ ದಶಕದಲ್ಲಿ ವಿಷುಯಲ್ ಬೇಸಿಕ್ ಜೊತೆ ಕ್ರಿಸ್ಟಲ್ ರಿಪೋರ್ಟ್ಸ್ ಬರ್ತಿತ್ತು, ಈಗ ಅದು ಎಸ್‌ಎಪಿ ಕಂಪನಿಯದು. ಮೈಕ್ರೋಸಾಫ್ಟ್ 2004ರಲ್ಲಿ ಎಸ್‌ಕ್ಯುಎಲ್ ಸರ್ವರ್ ರಿಪೋರ್ಟಿಂಗ್ ಸರ್ವಿಸಸ್ ತಂದಿತು. ಎಕ್ಲಿಪ್ಸ್ ಬಳಗದ ಬರ್ಟ್ ಇದೆ. ನಾನು ಕಲಿತದ್ದು ಜಾಸ್ಪರ್‌ರಿಪೋರ್ಟ್ಸ್. ಇದನ್ನು 2001ರಲ್ಲಿ ತಿಯೋಡೊರ್ ಡಾನ್ಚು ಅನ್ನುವವರು ಶುರು ಮಾಡಿದರು. ಜಾವಾ ಲೈಬ್ರರಿ, ಓಪನ್ ಸೋರ್ಸ್. ನಮ್ಮಂಥ ಸ್ಟೂಡೆಂಟ್ಸ್‌ಗೆ ದುಡ್ಡು ಕೊಡದೇ ಸಿಗ್ತದೆ, ಅದೇ ಮುಖ್ಯ ಕಾರಣ.

ಜಾಸ್ಪರ್ ಕೆಲಸ ಮಾಡುವ ರೀತಿ ಹೀಗೆ. ಜಾಸ್ಪರ್‌ಸಾಫ್ಟ್ ಸ್ಟುಡಿಯೋದಲ್ಲಿ ನೀವು ಎಳೆದು ಬಿಟ್ಟು ಡಿಸೈನ್ ಮಾಡ್ತೀರಿ. ಅದು ಒಳಗೆ ಎಕ್ಸ್‌ಎಂಎಲ್ ಫೈಲ್ ಆಗಿ ಉಳೀತದೆ. ಆಮೇಲೆ ಮೂರು ಹಂತ. ಮೊದಲು ಆ ಫೈಲನ್ನು ಕಂಪೈಲ್ ಮಾಡೋದು, ನಂತರ ಡೇಟಾ ತುಂಬಿಸೋದು, ಕೊನೆಗೆ ಪಿಡಿಎಫ್ ಅಥವಾ ಎಕ್ಸೆಲ್ ಆಗಿ ಹೊರಗೆ ಕಳಿಸೋದು. ಅಚ್ಚು ಒಂದೇ, ಬೆಲ್ಲ ಬೇರೆ ಬೇರೆ ಹುಯ್ದ ಹಾಗೆ.

ಡಿಸೈನ್‌ನಲ್ಲಿ ಪುಟವನ್ನು ಅಡ್ಡ ಪಟ್ಟಿಗಳಾಗಿ ಹಂಚಿರ್ತಾರೆ. ಅದಕ್ಕೆ ಬ್ಯಾಂಡ್ ಅಂತಾರೆ. ಟೈಟಲ್ ಬ್ಯಾಂಡ್ ಒಂದೇ ಸಲ ಬರ್ತದೆ. ಪೇಜ್ ಹೆಡರ್ ಪ್ರತಿ ಪುಟದ ಮೇಲೆ ಬರ್ತದೆ. ಡೀಟೇಲ್ ಬ್ಯಾಂಡ್ ಪ್ರತಿ ಸಾಲಿಗೆ ಒಂದು ಸಲ, ಅಂದರೆ ಕ್ವೆರಿ 500 ಸಾಲು ಕೊಟ್ಟರೆ 500 ಸಲ. ಸಮರಿ ಬ್ಯಾಂಡ್ ಕೊನೆಯಲ್ಲಿ ಒಂದು ಸಲ. ಗ್ರೂಪ್ ಮಾಡಿದರೆ ಗ್ರೂಪ್ ಹೆಡರ್, ಗ್ರೂಪ್ ಫುಟರ್ ಸೇರ್ತವೆ. ಒಟ್ಟು ಕೂಡಿಸಲು ವೇರಿಯಬಲ್ ಇಡಬೇಕು. ಅದಕ್ಕೆ ಏನು ಮಾಡಬೇಕು ಅಂತ, ಅಂದ್ರೆ ಸಮ್ ಅಥವಾ ಕೌಂಟ್, ಮತ್ತು ಯಾವಾಗ ಸೊನ್ನೆಗೆ ಬರಬೇಕು ಅಂತ ಹೇಳಬೇಕು. ಪ್ರತಿ ಗ್ರೂಪಿಗೆ ಸೊನ್ನೆ ಆದರೆ ಬ್ರಾಂಚ್ ಒಟ್ಟು. ಸೊನ್ನೆ ಮಾಡದೇ ಬಿಟ್ಟರೆ ಎಲ್ಲದರ ಒಟ್ಟು.

ನನ್ನ ಮೊದಲ ಕೆಲಸ

ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಇತ್ತು. ನಮ್ಮ ಮಾಮಾದು ಬೀಜ-ಗೊಬ್ಬರದ ಅಂಗಡಿ. ಬೀದರ್‌ನಲ್ಲಿ ದೊಡ್ಡದು, ಭಾಲ್ಕಿ ಮತ್ತು ಔರಾದ್‌ನಲ್ಲಿ ಒಂದೊಂದು ಬ್ರಾಂಚ್. ನಮ್ಮ ಕಡೆ ಈ ವ್ಯಾಪಾರ ಅರ್ಧಕ್ಕರ್ಧ ಉದ್ರಿ ಮೇಲೆ ನಡೀತದೆ. ಜೂನ್‌ನಲ್ಲಿ ಮಳೆ ಬಿದ್ದಾಗ ರೈತರು ಬೀಜ, ಗೊಬ್ಬರ ಒಯ್ತಾರೆ. ಹೆಸರು, ಉದ್ದು ಬಂದ ಮೇಲೆ ಸ್ವಲ್ಪ ಕೊಡ್ತಾರೆ, ಸೋಯಾ ಮಾರಿ ಸ್ವಲ್ಪ, ತೊಗರಿ ಬಂದಾಗ ಉಳಿದದ್ದು. ಒಂದು ಬಿಲ್ಲಿಗೆ ಮೂರು-ನಾಲ್ಕು ಸಲ ಜಮಾ ಆಗೋದು ಮಾಮೂಲು.

ಮಾಮಾ ಅಂದ: "ನೀ ಇಂಜಿನಿಯರಿಂಗ್ ಓದ್ಲಾಕತ್ತೀ ಅಲ್ಲ, ಯಾವ ಬ್ರಾಂಚಿನಾಗ ಎಷ್ಟು ಬಾಕಿ ಅದ, ಯಾರ ಬಾಕಿ ಅದ, ಒಂದು ಕಾಗದದ ಮ್ಯಾಲ ತೋರಿಸು ನೋಡೋಣ."

ನನಗೆ ಭಾರೀ ಖುಷಿ. ಬಿಲ್ಲಿಂಗ್ ಕಂಪ್ಯೂಟರ್‌ಗಳಿಂದ ಎಕ್ಸೆಲ್ ತೆಗೆದು ಮೈಎಸ್‌ಕ್ಯುಎಲ್‌ಗೆ ಹಾಕಿದೆ. ಎರಡು ಟೇಬಲ್. ಒಂದು ಬಿಲ್, ಇನ್ನೊಂದು ಜಮಾ. ಎರಡನ್ನೂ ಬಿಲ್ ನಂಬರ್ ಮೇಲೆ ಜಾಯಿನ್ ಮಾಡಿದೆ. ಬ್ರಾಂಚ್ ಮೇಲೆ ಗ್ರೂಪ್, ಅದರೊಳಗೆ ರೈತರ ಹೆಸರಿನ ಮೇಲೆ ಗ್ರೂಪ್. ಬಿಲ್ ಮೊತ್ತ ಕೂಡಿಸು, ಜಮಾ ಕೂಡಿಸು, ಕಳೆ. ಬಾಕಿ ಬಂತು. ಆಮೇಲೆ ಮೂರು ದಿನ ಬಣ್ಣ, ಲೋಗೋ, ಪೈ ಚಾರ್ಟ್. ಹೆಚ್ಚು ಬಾಕಿ ಇದ್ದವರ ಸಾಲು ಕೆಂಪಾಗಿ ಬರುವ ಹಾಗೆ ಕೂಡ ಮಾಡಿದೆ. ಒಟ್ಟು ಸರಿ ಇದೆಯಾ ಅಂತ ನೋಡಲು ಕೊಟ್ಟ ಸಮಯ ಸೊನ್ನೆ ನಿಮಿಷ.

ಕಾಗದ ನೋಡಿದ ಮಾಮಾನ ಮುಖ ಸಣ್ಣದಾಯಿತು. ಔರಾದ್ ಬ್ರಾಂಚಿನ ಬಾಕಿ ಬೀದರ್, ಭಾಲ್ಕಿ ಎರಡನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚು. ಅಲ್ಲಿ ಲೆಕ್ಕ ನೋಡೋರು ಒಬ್ಬ ಮುನೀಮರು. ನಾನು ಹುಟ್ಟೋಕಿಂತ ಮೊದಲಿಂದ ಅದೇ ಗಲ್ಲೆ ಮೇಲೆ ಕೂತವರು. ಮಾಮಾ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದರೆ ರೊಕ್ಕ ಬಂದದ್ದು ಪುಸ್ತಕಕ್ಕೆ ಬಂದಿಲ್ಲ ಅಂದ್ರೆ ಎಲ್ಲಿ ಹೋಗಿರಬೇಕು, ಅನ್ನೋ ಪ್ರಶ್ನೆ ಕೋಣೆ ತುಂಬ ಇತ್ತು. ಅವತ್ತೇ ಒಬ್ಬ ಹುಡುಗ ಬೈಕ್ ಮೇಲೆ ಔರಾದ್ ಕಡೆಯ ಹಳ್ಳಿಗೆ ಹೋಗಿ, ನನ್ನ ರಿಪೋರ್ಟ್‌ನಲ್ಲಿ ಕೆಂಪಾಗಿದ್ದ ಒಬ್ಬ ರೈತರ ಮನೆ ಮುಂದೆ ನಿಂತು ಬಾಕಿ ಕೇಳಿ ಬಂದ. ನಾಲ್ಕು ಮಂದಿ ಎದುರಿಗೆ. ಮರುದಿನ ಮುನೀಮರಿಗೆ ಫೋನ್ ಹೋಯಿತು: ಪುಸ್ತಕ ತಗೊಂಡು ಬರ್ರಿ, ಬರೋವಾಗ ಕೀಲಿಕೈನೂ ತರ್ರಿ.

ಅವರು ಫೋನಿನಲ್ಲಿ ಒಂದೇ ಮಾತು ಅಂದ್ರಂತೆ. "ಪುಸ್ತಕ ಇಲ್ಲೇ ಅದ ಮಾಲಕರ. ಅದನ್ನ ಮಾಡಿದ ಹುಡುಗನ್ನ ಇಲ್ಲಿಗೆ ಕಳಿಸ್ರಿ. ಕೂಡಿ ನೋಡ್ತೀವಿ. ಆಮ್ಯಾಲ ಕೀಲಿ ತಗೋರಿ."

ಔರಾದ್‌ನಲ್ಲಿ ಒಂದು ಮಧ್ಯಾಹ್ನ

ಮಾಂಜ್ರಾ ಸೇತುವೆ ದಾಟಿ, ಸಂತಪುರ ದಾಟಿ ಬಸ್ಸು ಔರಾದ್ ಮುಟ್ಟೋವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನನ್ನ ಕ್ವೆರಿ ಸರಿ ಇದೆ, ಎರರ್ ಬಂದಿಲ್ಲ. ನಾನು ಲ್ಯಾಪ್‌ಟಾಪ್ ತೆಗೆದೆ. ಮುನೀಮ ಕಾಕಾ ಕೆಂಪು ಬಟ್ಟೆ ರಟ್ಟಿನ ಉದ್ದ ಬಹಿ ತೆಗೆದರು. ಚಹಾ ತರಿಸಿದರು. ಸಿಟ್ಟು ಮಾಡಲಿಲ್ಲ, ಅದು ಇನ್ನೂ ಕಷ್ಟ ಆಯಿತು.

"ತಮ್ಮಾ, ಎಲ್ಲಾ ಬ್ಯಾಡ. ಒಬ್ಬಂದು ತೆಗಿ. ನಿನ್ನೆ ಯಾರ ಮನಿಗಿ ಹೋಗಿದ್ರು, ಅವಂದು."

ಬಹಿಯಲ್ಲಿ: ಬಿಲ್ 12,000 ರೂಪಾಯಿ. ಜಮಾ 4,000, ಆಮೇಲೆ 3,000, ಆಮೇಲೆ 2,000. ಬಾಕಿ 3,000.

ನನ್ನ ರಿಪೋರ್ಟ್‌ನಲ್ಲಿ: ಬಾಕಿ 27,000.

"ಹನ್ನೆರಡು ಸಾವಿರದ ಮಾಲಿಗಿ ಇಪ್ಪತ್ತೇಳು ಸಾವಿರ ಬಾಕಿ ಹ್ಯಾಂಗ ಆಗ್ತದಪಾ? ನಾ ಬಡ್ಡಿ ಸುದ್ದಾ ಹಚ್ಚಿಲ್ಲ." ನಂತರ ಕನ್ನಡಕ ಸರಿ ಮಾಡಿಕೊಂಡು ನನ್ನ ಸ್ಕ್ರೀನ್ ಮೇಲೆ ಬೆರಳಿಟ್ಟರು. "ಇಲ್ಲಿ ನೋಡು. ಇದೇ ಬಿಲ್ಲು ಮೂರು ಸಲ ಬಂದದ."

ಅಷ್ಟೇ. ನನ್ನ ಕಿವಿ ಬಿಸಿಯಾಯಿತು. ಜಾಯಿನ್ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಪ್ಪು ಕಂಡದ್ದು ಅವರಿಗೆ.

ತಪ್ಪು ಎಲ್ಲಿತ್ತು

ಮೂರೇ ಬಿಲ್ ಇಟ್ಕೊಂಡು ನೋಡೋಣ. ಪೆನ್ನು ಕಾಗದ ತಗೊಳ್ಳಿ.

ಬೀದರ್: ಬಿಲ್ 10,000. ಜಮಾ ಒಂದೇ ಸಲ 10,000.
ಔರಾದ್: ಬಿಲ್ 12,000. ಜಮಾ ಮೂರು ಸಲ, 4,000 + 3,000 + 2,000.
ಭಾಲ್ಕಿ: ಬಿಲ್ 8,000. ಜಮಾ ಇಲ್ಲವೇ ಇಲ್ಲ.

ಕೈಲೆಕ್ಕ: ಬೀದರ್ ಬಾಕಿ 0, ಔರಾದ್ 3,000, ಭಾಲ್ಕಿ 8,000. ಒಟ್ಟು 11,000.

ಈಗ ಬಿಲ್ ಮತ್ತು ಜಮಾ ಟೇಬಲ್ ಜಾಯಿನ್ ಮಾಡಿ. ಬೀದರ್ ಬಿಲ್ಲಿಗೆ ಒಂದು ಜಮಾ, ಒಂದು ಸಾಲು. ಔರಾದ್ ಬಿಲ್ಲಿಗೆ ಮೂರು ಜಮಾ, ಆದ್ದರಿಂದ ಮೂರು ಸಾಲು, ಪ್ರತಿ ಸಾಲಿನಲ್ಲೂ ಅದೇ 12,000 ಕೂತಿರ್ತದೆ. ಕೂಡಿಸಿದರೆ 36,000. ಅದರಲ್ಲಿ ಜಮಾ 9,000 ಕಳೆದರೆ 27,000. ಭಾಲ್ಕಿ ಬಿಲ್ಲಿಗೆ ಜಮಾ ಸಾಲೇ ಇಲ್ಲ, ಜೋಡಿ ಸಿಗಲಿಲ್ಲ, ಬಿಲ್ಲೇ ಮಾಯ.

ನನ್ನ ರಿಪೋರ್ಟ್ ಏನು ಹೇಳಿತು ನೋಡಿ. ಕಷ್ಟಪಟ್ಟು ಮೂರು ಸಲ ಬಂದು ರೊಕ್ಕ ಕಟ್ಟಿದವನು ದೊಡ್ಡ ಸಾಲಗಾರ. ಒಂದು ರೂಪಾಯಿನೂ ಕಟ್ಟದವನ ಹೆಸರೇ ಪಟ್ಟಿಯಲ್ಲಿಲ್ಲ. ಔರಾದ್ ಕಡೆ ಸಣ್ಣ ಹಿಡುವಳಿಯ ಗಿರಾಕಿಗಳು ಹೆಚ್ಚು, ಸ್ವಲ್ಪ ಸ್ವಲ್ಪವಾಗಿ ಕಟ್ಟೋರು ಹೆಚ್ಚು. ಮುನೀಮ ಕಾಕಾ ಬೆನ್ನು ಹತ್ತಿ ಕಂತು ಕಂತಾಗಿ ವಸೂಲಿ ಮಾಡಿದಷ್ಟೂ ಅವರ ಬ್ರಾಂಚಿನ ಬಾಕಿ ನನ್ನ ಕಾಗದದಲ್ಲಿ ಏರ್ತಾ ಹೋಯಿತು. ಅವರ ಒಳ್ಳೆ ಕೆಲಸವೇ ಅವರ ಮೇಲೆ ಅಪವಾದ ಆಯಿತು.

ರಿಪೇರಿ: ಮೂರು ಹಂತ

ಅಲ್ಲೇ ಕೂತು ಮೊದಲು ಮಾಡಿದ್ದು ಅವಸರದ ರಿಪೇರಿ. ಸಮ್ ಒಳಗೆ ಡಿಸ್ಟಿಂಕ್ಟ್ ಹಾಕಿದೆ, ಒಂದೇ ಮೊತ್ತ ಎರಡು ಸಲ ಕೂಡಬಾರದು ಅಂತ. ಆ ರೈತರ ಲೆಕ್ಕ ಸರಿ ಆಯಿತು. ಆದರೆ ಇನ್ನೊಬ್ಬರು 1,350 ರೂಪಾಯಿಯ ಎರಡು ಬೇರೆ ಬೇರೆ ಬಿಲ್ ಮಾಡಿಸಿದ್ದರು. ಡಿಸ್ಟಿಂಕ್ಟ್ ಅವುಗಳಲ್ಲಿ ಒಂದನ್ನು ತಿಂದು ಹಾಕಿತು. ಹೀಗೆ ಮಾಡಬೇಡಿ. ಇದು ಗಾಯ ಮುಚ್ಚುವ ಪಟ್ಟಿ, ಔಷಧ ಅಲ್ಲ.

ಸರಿ ದಾರಿ ಇದು.

ಒಂದು: ಮೊದಲು ಜಮಾ ಟೇಬಲನ್ನು ಒಂಟಿಯಾಗಿ ತಗೊಂಡು, ಬಿಲ್ ನಂಬರ್ ಮೇಲೆ ಗ್ರೂಪ್ ಮಾಡಿ ಕೂಡಿಸಿ. ಈಗ ಪ್ರತಿ ಬಿಲ್ಲಿಗೆ ಜಮಾ ಒಂದೇ ಸಾಲು. ಔರಾದ್ ಬಿಲ್ಲಿಗೆ 9,000.

ಎರಡು: ಬಿಲ್ ಟೇಬಲನ್ನು ಎಡಕ್ಕಿಟ್ಟು, ಈ ಕೂಡಿಸಿದ ಜಮಾವನ್ನು ಲೆಫ್ಟ್ ಜಾಯಿನ್ ಮಾಡಿ. ಜಮಾ ಇಲ್ಲದ ಬಿಲ್ ಕೂಡ ಉಳೀತದೆ. ಭಾಲ್ಕಿ ವಾಪಸ್ ಬಂತು.

ಮೂರು: ಜಮಾ ಇಲ್ಲದ ಕಡೆ ನಲ್ ಇರ್ತದೆ. 8,000ದಲ್ಲಿ ನಲ್ ಕಳೆದರೆ 8,000 ಅಲ್ಲ, ನಲ್ಲೇ ಬರ್ತದೆ. ಕಾಗದದಲ್ಲಿ ಖಾಲಿ ಜಾಗ ಅಥವಾ ನಲ್ ಅನ್ನೋ ಪದ. ಆದ್ದರಿಂದ ಕೋಅಲೆಸ್ ಫಂಕ್ಷನ್ ಬಳಸಿ ನಲ್ ಇದ್ದಲ್ಲಿ 0 ಇಡಿ.

ಈಗ 0, 3,000, 8,000. ಒಟ್ಟು 11,000. ಕೈಲೆಕ್ಕಕ್ಕೆ ತಾಳೆ ಆಯಿತು.

ರೈತರಿಗೆ ಪ್ರತಿ ಕಂತಿನ ತಾರೀಖೂ ತೋರಿಸಬೇಕು ಅಂದ್ರೆ? ಆಗ ಒಂದೇ ಕ್ವೆರಿಯಲ್ಲಿ ಎಲ್ಲ ತುರುಕಬೇಡಿ. ಬಿಲ್ಲಿಗೆ ಮುಖ್ಯ ರಿಪೋರ್ಟ್, ಜಮಾಗೆ ಸಬ್‌ರಿಪೋರ್ಟ್. ಸಬ್‌ರಿಪೋರ್ಟ್‌ಗೆ ಬಿಲ್ ನಂಬರನ್ನು ಪ್ಯಾರಾಮೀಟರ್ ಆಗಿ ಕಳಿಸಿದರೆ ಅದು ತನ್ನ ಕ್ವೆರಿ ತಾನೇ ನಡೆಸಿ ಆ ಬಿಲ್ಲಿನ ಕಂತುಗಳನ್ನು ಮಾತ್ರ ಕೆಳಗೆ ಬರೀತದೆ. ಬಿಲ್ ಸಾವಿರಾರು ಇದ್ದರೆ ಕ್ವೆರಿನೂ ಸಾವಿರಾರು ಸಲ ನಡೀತದೆ, ನಿಧಾನ ಆಗ್ತದೆ. ಅದೊಂದು ಗಮನದಲ್ಲಿರಲಿ.

ನಮ್ಮ ಕಡೆಯ ಇನ್ನೂ ಕೆಲವು ತಗ್ಗುಗಳು

ಊರಿನ ಹೆಸರು. ಬ್ರಾಂಚ್ ಮೇಲೆ ಗ್ರೂಪ್ ಮಾಡಿದಾಗ ನನಗೆ ಮೂರು ಬ್ರಾಂಚ್ ಬದಲು ಆರು ಬಂದವು. ಕಾರಣ ಒಬ್ಬರು ಔರಾದ್ ಅಂತ ಟೈಪ್ ಮಾಡಿದ್ದರು, ಒಬ್ಬರು ಔರಾದ, ಒಬ್ಬರು ಔರಾದ ಬಿ, ಇನ್ನೊಬ್ಬರು ಕೊನೆಗೆ ಒಂದು ಸ್ಪೇಸ್ ಬಿಟ್ಟಿದ್ದರು. ಮೇಲಾಗಿ ಗಡಿ ಆಚೆ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜನಿ ಅಂತ ಬೇರೆಯೇ ಊರಿದೆ, ಅಲ್ಲಿನ ಗಿರಾಕಿಗಳೂ ಇದ್ದರು. ಕಮಲನಗರ ಮೊದಲು ಔರಾದ್ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ಹಳೇ ಬಿಲ್ಲಿನಲ್ಲಿ ಒಂದು ತಾಲೂಕು, ಹೊಸ ಬಿಲ್ಲಿನಲ್ಲಿ ಇನ್ನೊಂದು, ರೈತ ಮಾತ್ರ ಅವನೇ. ಉಪಾಯ: ಹೆಸರಿನ ಮೇಲೆ ಗ್ರೂಪ್ ಮಾಡಬೇಡಿ. ಬ್ರಾಂಚಿಗೆ, ಊರಿಗೆ, ರೈತರಿಗೆ ಒಂದೊಂದು ಕೋಡ್ ನಂಬರ್ ಕೊಟ್ಟು ಅದರ ಮೇಲೆ ಮಾಡಿ. ಹೆಸರು ತೋರಿಸೋಕೆ ಮಾತ್ರ.

ಸಾರ್ಟಿಂಗ್. ಜಾಸ್ಪರ್ ಗ್ರೂಪ್ ಮಾಡೋದು ಬರುವ ಸಾಲುಗಳನ್ನು ನೋಡ್ತಾ ನೋಡ್ತಾ. ಹಿಂದಿನ ಸಾಲು ಬೀದರ್, ಈಗಿನದು ಭಾಲ್ಕಿ ಅಂದ ಕೂಡಲೇ ಹಳೇ ಗ್ರೂಪ್ ಮುಚ್ಚಿ ಹೊಸದು ತೆಗೀತದೆ. ಆಮೇಲೆ ಮತ್ತೆ ಬೀದರ್ ಬಂದರೆ ಇನ್ನೊಂದು ಬೀದರ್ ಗ್ರೂಪ್! ಆದ್ದರಿಂದ ಕ್ವೆರಿಯಲ್ಲಿ ಗ್ರೂಪಿನ ಕ್ರಮದಲ್ಲೇ ಆರ್ಡರ್ ಬೈ ಇರಲೇಬೇಕು.

ತಾರೀಖು. "ಜನವರಿ 1ರಿಂದ ಜನವರಿ 31ರವರೆಗೆ" ಅಂತ ಬಿಟ್ವೀನ್ ಹಾಕಿದೆ. ಕಾಲಂನಲ್ಲಿ ತಾರೀಖಿನ ಜೊತೆ ಗಂಟೆ-ನಿಮಿಷನೂ ಇತ್ತು. 31 ಅಂದ್ರೆ ಡೇಟಾಬೇಸ್‌ಗೆ 31ರ ಮಧ್ಯರಾತ್ರಿ 0 ಗಂಟೆ. ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ಆದ ವ್ಯಾಪಾರ ಎಲ್ಲ ಹೊರಗೆ ಉಳೀತು. "ಫೆಬ್ರವರಿ 1ಕ್ಕಿಂತ ಮೊದಲು" ಅಂತ ಬರೆದರೆ ಸರಿ ಆಗ್ತದೆ.

ಲಕ್ಷ. ಸಾಮಾನ್ಯ ಪ್ಯಾಟರ್ನ್ ಕೊಟ್ಟರೆ 1234567 ಅನ್ನು 1,234,567 ಅಂತ ತೋರಿಸ್ತದೆ. ನಮ್ಮ ಮಾಮಾ ಅದನ್ನು ಹತ್ತು ಸಲ ಓದಿದ. ನಮಗೆ ಬೇಕಾದ್ದು 12,34,567. ಪ್ಯಾಟರ್ನ್‌ನಲ್ಲೇ ಎರಡೆರಡು ಅಂಕಿಗೆ ಅಲ್ಪವಿರಾಮ ಇಟ್ಟು ನೋಡಿದೆ, ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಕೊನೆಯ ಗುಂಪಿನ ಅಳತೆ ಮಾತ್ರ ಹಿಡ್ಕೊಳ್ತದೆ, ಎಲ್ಲ ಕಡೆ ಮೂರು ಮೂರೇ. ನಾನು ಒಂದು ಸಣ್ಣ ಜಾವಾ ಫಂಕ್ಷನ್ ಬರೆದು ಅದನ್ನೇ ಕರೆದೆ. ಐಸಿಯು ಲೈಬ್ರರಿ ಬಳಸಿದರೂ ಆಗ್ತದೆ.

ಕನ್ನಡ ಅಕ್ಷರ. ಇದು ನಮ್ಮ ಬಳಗಕ್ಕೆ ಬೇಕಾದ ವಿಷಯ. ಮುನೀಮ ಕಾಕಾಗೆ ಹೆಸರು ಕನ್ನಡದಲ್ಲಿ ಬೇಕಿತ್ತು. ಸ್ಕ್ರೀನ್ ಮೇಲೆ "ಭಾಲ್ಕಿ" ಸರಿ ಇತ್ತು, ಪಿಡಿಎಫ್‌ನಲ್ಲಿ "ಭಾಲ್‌ಕಿ" ಅಂತ ಒಡೆದು ಬಂತು. ಯಾಕಂದ್ರೆ ಕನ್ನಡ ಒತ್ತಕ್ಷರ ಒಂದು ಅಕ್ಷರ ಅಲ್ಲ. ಲ, ವಿರಾಮ ಚಿಹ್ನೆ, ಕ, ಗುಣಿಸು ಹೀಗೆ ಸಾಲಾಗಿ ಕೂತಿರ್ತವೆ. ಫಾಂಟ್ ನೋಡಿ ಅವನ್ನು ಜೋಡಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಜಾಸ್ಪರ್ ಪಿಡಿಎಫ್ ಮಾಡಲು ಬಳಸುತ್ತಿದ್ದ ಹಳೇ ಐಟೆಕ್ಸ್ಟ್ ಲೈಬ್ರರಿಗೆ ಭಾರತೀಯ ಲಿಪಿಗಳ ಶೇಪಿಂಗ್ ಬರ್ತಿರಲಿಲ್ಲ. ಫಾಂಟನ್ನು ಫಾಂಟ್ ಎಕ್ಸ್‌ಟೆನ್ಷನ್ ಆಗಿ ಸೇರಿಸೋದು ಮೊದಲ ಹೆಜ್ಜೆ, ಇಲ್ಲದಿದ್ದರೆ ಅಕ್ಷರವೇ ಬರಲ್ಲ. ಆದರೆ ಅಷ್ಟಕ್ಕೇ ಒತ್ತು ಸೇರೋದಿಲ್ಲ. ನಾನು ಎಚ್‌ಟಿಎಂಎಲ್ ಆಗಿ ಹೊರತೆಗೆದು ಕ್ರೋಮ್‌ನಿಂದ ಪಿಡಿಎಫ್ ಪ್ರಿಂಟ್ ಮಾಡಿದೆ. ಕ್ರೋಮ್ ಒಳಗೆ ಹಾರ್ಫ್‌ಬಜ್ ಅನ್ನೋ ಶೇಪಿಂಗ್ ಎಂಜಿನ್ ಇದೆ, ಒತ್ತಕ್ಷರ ಚೆನ್ನಾಗಿ ಬಂದವು. ಇನ್ನೊಂದು, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಯುನಿಕೋಡ್ ಅಲ್ಲ. ಒಳಗೆ ನೋಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಮೊದಲು ಯುನಿಕೋಡ್‌ಗೆ ಬದಲಿಸದೇ ಸಾರ್ಟ್ ಮಾಡಬೇಡಿ.

ಖಾಲಿ ರಿಪೋರ್ಟ್. ಆ ದಿನ ವ್ಯಾಪಾರ ಇಲ್ಲದಿದ್ದರೆ ಜಾಸ್ಪರ್ ಪುಟವನ್ನೇ ಕೊಡೋದಿಲ್ಲ. ನೋಡೋರಿಗೆ ಸಾಫ್ಟ್‌ವೇರ್ ಕೆಟ್ಟಿದೆ ಅನ್ನಿಸ್ತದೆ. ನೋ ಡೇಟಾ ಸೆಕ್ಷನ್‌ನಲ್ಲಿ "ಈ ದಿನಗಳಲ್ಲಿ ಲೆಕ್ಕ ಇಲ್ಲ" ಅಂತ ಒಂದು ಸಾಲು ಬರೀರಿ.

ತಾಳೆ

ಈಗ ಮುಖ್ಯ ಮಾತು. ಮುನೀಮ ಕಾಕಾ ದಿನಾ ಅಂಗಡಿ ಮುಚ್ಚೋ ಮೊದಲು ಗಲ್ಲೆಯ ರೊಕ್ಕ ಎಣಿಸಿ ಬಹಿ ಜೊತೆ ತಾಳೆ ನೋಡ್ತಾರೆ. ಹತ್ತು ರೂಪಾಯಿ ಹೆಚ್ಚು ಬಂದರೂ ಮನೆಗೆ ಹೋಗಲ್ಲ. "ಹೆಚ್ಚಿಗಿ ಬಂದ್ರೂ ತಪ್ಪೇ, ಕಮ್ಮಿ ಬಂದ್ರೂ ತಪ್ಪೇ ತಮ್ಮಾ" ಅಂದರು. ನಾವು ರಿಪೋರ್ಟ್ ಬರೆಯೋರು ಕಲೀಬೇಕಾದ್ದು ಅದನ್ನೇ. ಡಿಸೈನ್ ಶುರು ಮಾಡೋ ಮೊದಲು ನಾನು ಈಗ ಮೂರು ತಾಳೆ ನೋಡ್ತೀನಿ.

ಮೊದಲನೇದು, ಮೂಲ ಟೇಬಲ್ ಒಂದನ್ನೇ ಕೂಡಿಸಿ, ರಿಪೋರ್ಟ್‌ನ ಒಟ್ಟಿಗೆ ಹೋಲಿಸೋದು. ಮೇಲಿನ ಉದಾಹರಣೆಯಲ್ಲಿ ಬಿಲ್ ಟೇಬಲ್ ಒಟ್ಟು 30,000. ನನ್ನ ತಪ್ಪು ರಿಪೋರ್ಟ್‌ನಲ್ಲಿ ಬಿಲ್ ಒಟ್ಟು 46,000. ಒಂದೇ ನಿಮಿಷದಲ್ಲಿ ಸಿಕ್ಕಿಬೀಳ್ತಿತ್ತು.

ಎರಡನೇದು, ಸಾಲು ಎಣಿಸೋದು. ಬಿಲ್ ಮೂರು ಇದ್ದರೆ ಜಾಯಿನ್ ಆದ ಮೇಲೂ ಮೂರೇ ಇರಬೇಕು. ಹೆಚ್ಚಾದರೆ ಯಾವುದೋ ಎರಡು ಸಲ ಬಂದಿದೆ, ಕಡಿಮೆ ಆದರೆ ಯಾವುದೋ ಬಿದ್ದಿದೆ. ಹುಷಾರು: ನನ್ನ ತಪ್ಪಿನಲ್ಲಿ ಎರಡೂ ಆಗಿತ್ತು. ಎರಡು ಸಾಲು ಹೆಚ್ಚು, ಒಂದು ಕಡಿಮೆ, ಒಟ್ಟು ನಾಲ್ಕು. ಅಕಸ್ಮಾತ್ ಹೆಚ್ಚು-ಕಡಿಮೆ ಸಮ ಆಗಿದ್ದರೆ ಎಣಿಕೆ ಸರಿ ಕಾಣ್ತಿತ್ತು. ಅದಕ್ಕೇ ಒಂದು ತಾಳೆ ಸಾಲದು.

ಮೂರನೇದು, ಒಂದಾದರೂ ಲೆಕ್ಕ ಕೈಯಿಂದ ಮಾಡೋದು. ಸುಲಭದ್ದಲ್ಲ, ತೊಡಕಿನದ್ದು. ಹೆಚ್ಚು ಕಂತು ಇರೋದು, ಒಂದೂ ಕಂತು ಇಲ್ಲದ್ದು. ಸಾಧ್ಯ ಆದರೆ ಆ ಲೆಕ್ಕ ದಿನಾ ಬರೆಯುವವರ ಪಕ್ಕ ಕೂತು.

ಸಾಯಂಕಾಲ ಮಾಮಾಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಕಾಕಾಗ ಫೋನ್ ಕೊಡು" ಅಂದ. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ, ಹೊರಗೆ ಬಂದು ನಿಂತೆ. ಕೀಲಿಕೈ ಕಾಕಾನ ಕಡೆಯೇ ಉಳೀತು. ಮರುದಿನ ಆ ರೈತರ ಮನೆಗೆ ನಾನೇ ಹೋದೆ, ಕಾಕಾ ಜೊತೆ. ನಾಲ್ಕು ಮಂದಿ ಎದುರಿಗೆ ಬಾಕಿ ಕೇಳಿದ್ದರಲ್ಲ, ನಾನೂ ನಾಲ್ಕು ಮಂದಿ ಎದುರಿಗೇ ತಪ್ಪಾಯ್ತು ಅಂದೆ. ಅವರು ಕೂಡಿಸಿ ಜೋಳದ ರೊಟ್ಟಿ ಕೊಟ್ಟರು. "ಕಂಪ್ಯೂಟರ್ ಹೇಳಿತ್ತು ಅಂದ್ರಲ್ಲ, ಅದಕ್ಕ ನಾನೇ ಮರ್ತೀನೇನೋ ಅಂತ ರಾತ್ರೆಲ್ಲಾ ಎಣಿಸಿದೆ" ಅಂದರು. ಆ ಮಾತು ನನಗೆ ಇನ್ನೂ ಮರೆತಿಲ್ಲ.

ನಾವು ಕೈಯಲ್ಲಿ ಬರೆದ ಲೆಕ್ಕ ತಪ್ಪಿದ್ದರೆ ಜನ ಕೇಳ್ತಾರೆ. ಪ್ರಿಂಟ್ ಆಗಿ ಬಂದದ್ದನ್ನು ಕೇಳೋರು ಕಡಿಮೆ, ತಮ್ಮ ಮೇಲೇ ಸಂಶಯ ಪಡ್ತಾರೆ. ನಾಳೆ ನಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರು, ಹೈದರಾಬಾದ್, ಪುಣೆ ಕಂಪನಿಗಳಲ್ಲಿ ಇಂಥದ್ದೇ ರಿಪೋರ್ಟ್ ಬರೀತೀವಿ. ಅಲ್ಲಿ ಸಾಲಿನ ಹಿಂದಿರುವ ಮನುಷ್ಯನ ಮುಖ ಕಾಣೋದಿಲ್ಲ. ಅದಕ್ಕೇ ಇಲ್ಲೇ ಅಭ್ಯಾಸ ಮಾಡ್ಕೊಳ್ಳೋಣ.

ಮನೆಗೆಲಸ: ಮೇಲಿನ ಮೂರು ಬಿಲ್‌ಗಳನ್ನು ಮೈಎಸ್‌ಕ್ಯುಎಲ್‌ಗೆ ಹಾಕಿ, ಮೊದಲು ನನ್ನ ತಪ್ಪು ಕ್ವೆರಿ ನಡೆಸಿ 27,000 ತರಿಸಿ, ಆಮೇಲೆ 11,000 ತರಿಸಿ. ನಿಮ್ಮ ಮನೆಯಲ್ಲಿ ಅಂಗಡಿ, ಅಡತಿ, ಹಾಲಿನ ಡೈರಿ ಲೆಕ್ಕ ಏನಿದ್ದರೂ ಅದರ ಮೇಲೂ ಮಾಡಿ ನೋಡಿ. ಡೌಟ್ ಬಂದರೆ ಡಿಬಿಎಂಎಸ್ ಲ್ಯಾಬ್‌ನಲ್ಲಿ ಕೊನೇ ಸಾಲಿನಲ್ಲಿ ಕೂತಿರ್ತೀನಿ, ಬನ್ನಿ. ತಾಳೆ ನೋಡೋಣ.